ಅಡ್ಜಸ್ಟ್: ಮಾಡ್ರಿ, ಆಗ್ರಿ, ಮಾಡ್ಕೋರಿ

ಮಿರಜದಿಂದ ಬೆಳಗಾವಿ ಕಡೆ ಹೊರಟ ಪ್ಯಾಸೆಂಜರ್ ರೈಲು ಶೇಡಬಾಳ ದಾಟಿ ನಮ್ಮ ಉಗಾರ ಖುರ್ದಕ್ಕೆ ಬರೋ ಹೊತ್ತಿಗೆ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂತಿರ್ತಾರೆ. ಐದನೆಯವರು ಬಂದು ನಿಂತಾಗ ಏನಂತ ಕೇಳ್ತಾರೆ ಅನ್ನೋದು ಆಯಾ ಮನುಷ್ಯನ ಮೇಲೆ ಹೋಗುತ್ತೆ. ಮರಾಠಿಯವರಾದ್ರೆ 'ಥೋಡಂ ಸರಕಾ'. ನಮ್ಮ ಕನ್ನಡದ ಹಿರಿಯರಾದ್ರೆ 'ಜರಾ ಸರೀರಿ'. ಕಾಲೇಜು ಹುಡುಗರು ಎರಡನ್ನೂ ಬಿಟ್ಟು 'ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ' ಅಂತಾರೆ. ಮೂರಕ್ಕೂ ಸಿಗೋದು ಅದೇ ಅರ್ಧ ಗೇಣು ಜಾಗ. ಆದ್ರೆ 'ಸರೀರಿ' ಅಂದಾಗ ಕೂತವನು ಏನು ಮಾಡಬೇಕು ಅನ್ನೋದು ಸ್ಪಷ್ಟ, ಪಕ್ಕಕ್ಕೆ ಜರುಗಬೇಕು. 'ಅಡ್ಜಸ್ಟ್ ಮಾಡ್ಕೋರಿ' ಅಂದಾಗ ಜರುಗಬೇಕೋ, ಚೀಲ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳಬೇಕೋ, ಕಾಲು ಮಡಚಬೇಕೋ, ಇಲ್ಲಾ ಬರೀ ಮನಸ್ಸು ದೊಡ್ಡದು ಮಾಡಿಕೊಂಡು ಸುಮ್ಮನಿರಬೇಕೋ, ಅದು ಅವನಿಗೆ ಬಿಟ್ಟದ್ದು.

ಈ ಸಲದ ಪದ ಪಾಠಕ್ಕೆ ನಾನು ಆರಿಸಿಕೊಂಡಿರೋದು ಈ 'ಅಡ್ಜಸ್ಟ್'. ನಮ್ಮ ಕ್ಯಾಂಪಸ್ಸಿನಲ್ಲಿ 'ಬಳಕೆ ಕನ್ನಡ' ಓದುವ ಹೊರರಾಜ್ಯದ ಗೆಳೆಯರು ಪುಸ್ತಕ ತೆರೆಯೋ ಮೊದಲೇ ಕಲಿತಿರುವ ವಾಕ್ಯ ಒಂದಿದ್ರೆ ಅದು 'ಸ್ವಲ್ಪ ಅಡ್ಜಸ್ಟ್ ಮಾಡಿ'. ಬೆಂಗಳೂರಿನ ಗುರುತಿನ ಚೀಟಿಯ ಹಾಗೆ ಆಗಿಬಿಟ್ಟಿದೆ ಅದು, ಟೀ ಶರ್ಟಿನ ಮೇಲೂ ಬಂದಿದೆ. ಅದರಲ್ಲಿರೋ ಮೂರು ಪದಗಳಲ್ಲಿ ಒಂದು ಸಂಸ್ಕೃತದ್ದು, ಒಂದು ಇಂಗ್ಲಿಷಿನದು, ಒಂದು ಕನ್ನಡದ್ದು. ಈ ಕನ್ನಡದ ಪದ ಇದೆಯಲ್ಲ, 'ಮಾಡಿ', ನಿಜವಾದ ಕೆಲಸ ನಡೆಯೋದು ಅಲ್ಲಿ. ಅಲ್ಲಿಗೆ ಬರ್ತೀನಿ. ಮೊದಲು ಪದದ ಊರು ಕೇರಿ ವಿಚಾರಿಸೋಣ.

ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು. ಬೇರು ಲ್ಯಾಟಿನ್ನಿನಲ್ಲಿದೆ: 'ಆಡ್' ಅಂದ್ರೆ ಕಡೆಗೆ, 'ಯುಕ್ಸ್ಟಾ' ಅಂದ್ರೆ ಪಕ್ಕ, ಹತ್ತಿರ. ಅಂದರೆ ಮೂಲದಲ್ಲಿ ಅಡ್ಜಸ್ಟ್ ಅಂದ್ರೆ ಪಕ್ಕಕ್ಕೆ ತರು, ಜೋಡಿಸು. ನಮ್ಮ ರೈಲಿನ ಬಳಕೆ ಅಷ್ಟೇನೂ ತಪ್ಪಲ್ಲ ನೋಡಿ! ಆಮೇಲೆ ಜನ ಇದರಲ್ಲಿ ಇನ್ನೊಂದು ಲ್ಯಾಟಿನ್ ಪದ ಇದೆ ಅಂತ ಭಾವಿಸಿದರು, 'ಯುಸ್ಟುಸ್', ಅಂದ್ರೆ ನ್ಯಾಯವಾದದ್ದು, ಸರಿಯಾದದ್ದು. ಇಂಗ್ಲಿಷಿನ 'ಜಸ್ಟಿಸ್' ಬಂದಿರೋದು ಆ ಮನೆಯಿಂದ. ಹೀಗೆ ಒಂದೇ ಪದದಲ್ಲಿ 'ಪಕ್ಕಕ್ಕೆ ತರೋದು', 'ಸರಿ ಮಾಡೋದು' ಎರಡೂ ಬೆರೆತವು. ಕನ್ನಡದ 'ಸರಿ'ಗೂ ಇದೇ ಎರಡು ಅರ್ಥ ಇರೋದು ಬರೀ ಕಾಕತಾಳೀಯ, ಆದ್ರೂ ನನಗೆ ಬಹಳ ಇಷ್ಟ. ಸರಿ ಅಂದ್ರೆ ತಪ್ಪಿಲ್ಲದ್ದು, ಸರಿ ಅಂದ್ರೆ ಆಚೆ ಜರುಗು.

ಇನ್ನೊಂದು ನಂಟಸ್ತಿಕೆಯೂ ಇದೆ, ಇದು ಕಾಕತಾಳೀಯ ಅಲ್ಲ. ಲ್ಯಾಟಿನ್ನಿನ 'ಯುಕ್ಸ್ಟಾ', ಸಂಸ್ಕೃತದ 'ಯುಜ್' ಎರಡೂ ಒಂದೇ ಹಳೆಯ ಬೇರಿನ ಚಿಗುರುಗಳು, ನೊಗಕ್ಕೆ ಹೂಡು ಅನ್ನೋ ಅರ್ಥದ ಬೇರು. ಯೋಗ, ಯುಕ್ತ, ಯೋಜನೆ ಎಲ್ಲಾ ಅಲ್ಲಿಂದಲೇ. ಹಿಂದಿ, ಮರಾಠಿ ಸರ್ಕಾರಿ ಕಾಗದದಲ್ಲಿ ಅಡ್ಜಸ್ಟ್‌ಮೆಂಟಿಗೆ 'ಸಮಾಯೋಜನ' ಅಂತ ಬರೀತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ದೂರದ ಅಣ್ಣ ತಮ್ಮಂದಿರನ್ನ ಎದುರು ಬದುರು ಕೂರಿಸಿದ್ದಾರೆ.

ಈಗ ಕನ್ನಡಕ್ಕೆ. ಅಡ್ಜಸ್ಟಿಗೆ ಪದಕೋಶ ತೆರೆದರೆ ಮೊದಲು ಸಿಗೋದು ಹೊಂದಿಸು, ಹೊಂದಿಕೊಳ್ಳು, ಹೊಂದಾಣಿಕೆ. ಎಲ್ಲದರ ತಾಯಿ 'ಹೊಂದು'. ಹಳಗನ್ನಡದಲ್ಲಿ 'ಪೊಂದು', ತಮಿಳಿನಲ್ಲಿ 'ಪೊರುಂದು', ಅರ್ಥ ಸೇರು, ಕೂಡು, ತಕ್ಕದ್ದಾಗು. ನಟ್ಟು ಬೋಲ್ಟಿಗೆ ಹೊಂದುತ್ತೆ. ಶರ್ಟಿನ ಬಣ್ಣ ಪ್ಯಾಂಟಿಗೆ ಹೊಂದುತ್ತೆ. ಜಾತಕ ಹೊಂದುತ್ತೆ, ಹೊಂದಲ್ಲ. ಇಲ್ಲಿ ಯಾರೂ ಏನೂ ಮಾಡ್ತಿಲ್ಲ, ಎರಡು ವಸ್ತುಗಳ ಸಂಬಂಧ ಹೇಳ್ತಿದ್ದೀವಿ ಅಷ್ಟೆ. ಇದಕ್ಕೆ 'ಇಸು' ಸೇರಿಸಿದ ಕೂಡಲೆ ಒಬ್ಬ ಕರ್ತೃ ಬಂದು ನಿಲ್ತಾನೆ. 'ಅಪ್ಪ ಫೀಸಿಗೆ ರೊಕ್ಕ ಹೊಂದಿಸಿದ್ರು.' ಇಲ್ಲಿ ಅಪ್ಪ ಓಡಾಡಿದ್ದಾರೆ, ಯಾರ ಹತ್ತಿರವೋ ಕೇಳಿದ್ದಾರೆ, ಏನೋ ಅಡ ಇಟ್ಟಿದ್ದಾರೆ. ಈ 'ಹೊಂದಿಸು'ವಿನಲ್ಲಿ ಇರೋ ಬೆವರು 'ಅಡ್ಜಸ್ಟ್ ಮಾಡಿದ್ರು' ಅಂದಾಗ ಪೂರ್ತಿ ಆರಿ ಹೋಗುತ್ತೆ.

'ಇಸು' ಬದಲು 'ಕೊಳ್ಳು' ಹಾಕಿ ನೋಡಿ. ಕೊಳ್ಳು ಅಂದ್ರೆ ಸ್ವಂತವಾಗಿ ನಿಂತಾಗ ಖರೀದಿಸು, ತಗೋ. ಬೇರೆ ಕ್ರಿಯಾಪದದ ಬಾಲಕ್ಕೆ ಅಂಟಿದಾಗ ಕೆಲಸದ ದಿಕ್ಕನ್ನೇ ತಿರುಗಿಸುತ್ತೆ, ಮಾಡಿದವನ ಕಡೆಗೇ. ಅಡುಗೆ ಮಾಡಿದ ಅಂದ್ರೆ ಯಾರಿಗೋ, ಅಡುಗೆ ಮಾಡಿಕೊಂಡ ಅಂದ್ರೆ ತನಗೆ. ಹಾಗೇ ಹೊಂದಿಸಿದ ಅಂದ್ರೆ ಬೇರೆ ಏನನ್ನೋ ಬದಲಾಯಿಸಿದ, ಹೊಂದಿಕೊಂಡ ಅಂದ್ರೆ ತಾನೇ ಬದಲಾದ.

ಮೆಕ್ಯಾನಿಕಲ್‌ನವರಿಗೆ ಇದನ್ನ ನಮ್ಮೂರಿನ ಭಾಷೆಯಲ್ಲಿ ಹೇಳ್ತೀನಿ. ಉಗಾರ ಖುರ್ದ ಅಂದ ಕೂಡಲೆ ಸುತ್ತಲಿನವರಿಗೆ ನೆನಪಾಗೋದು 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ. ('ಖುರ್ದ' ಅಂದ್ರೆ ಪಾರ್ಸಿಯಲ್ಲಿ ಚಿಕ್ಕದು, ಪಕ್ಕದ ಊರು 'ಬುದ್ರುಕ' ಅಂದ್ರೆ ದೊಡ್ಡದು. ಕಾರ್ಖಾನೆ, ರೈಲು ನಿಲ್ದಾಣ ಬಂದಿದ್ದು ಚಿಕ್ಕದಕ್ಕೆ.) ಕಬ್ಬು ಅರೆಯುವ ಸಾಮಾನ್ಯ ಮಿಲ್ಲಿನಲ್ಲಿ ಮೂರು ರೋಲರ್ ಇರುತ್ತವೆ, ತ್ರಿಕೋನದ ಹಾಗೆ: ಕೆಳಗೆ ಎರಡು, ಮೇಲೊಂದು. ಕಬ್ಬು ಒಳಗೆ ಬರೋ ಕಡೆ ಸಂದು ಸ್ವಲ್ಪ ಅಗಲ, ಸಿಪ್ಪೆ ಹೊರಗೆ ಹೋಗೋ ಕಡೆ ಕಿರಿದು. ಈ ಸಂದು ಎಷ್ಟಿರಬೇಕು ಅಂತ ಲೆಕ್ಕ ಹಾಕಿ, ಹಂಗಾಮು ಶುರುವಾಗೋ ಮೊದಲು ಫಿಟ್ಟರುಗಳು ಪಾನಾ ಹಿಡಿದು ಕೆಳಗಿನ ರೋಲರುಗಳನ್ನ ಕೂರಿಸ್ತಾರೆ. ಇದು ಹೊಂದಿಸೋದು. ಮೇಲಿನ ರೋಲರ್ ಹಾಗಲ್ಲ. ಅದರ ತಲೆ ಮೇಲೆ ಹೈಡ್ರಾಲಿಕ್ ಒತ್ತಡ ಇರುತ್ತೆ, ಆದ್ರೆ ಬಿಗಿಯಾಗಿ ಕಟ್ಟಿರಲ್ಲ. ಕಬ್ಬಿನ ಪದರ ದಪ್ಪ ಬಂದರೆ ತುಸು ಏಳುತ್ತೆ, ತೆಳುವಾದರೆ ಇಳಿಯುತ್ತೆ, ಮಧ್ಯೆ ಕಬ್ಬಿಣದ ತುಂಡು ಸಿಕ್ಕರೂ ಎದ್ದು ದಾರಿ ಬಿಡುತ್ತೆ. ಇದು ಹೊಂದಿಕೊಳ್ಳೋದು. ಎರಡೂ ಬೇಕು. ಆದ್ರೆ ಕೆಳಗಿನ ರೋಲರ್ ತಪ್ಪಾಗಿ ಕೂರಿಸಿ 'ಮೇಲಿನದು ಅಡ್ಜಸ್ಟ್ ಆಗುತ್ತೆ ಬಿಡು' ಅಂದ್ರೆ ರಸ ಸಿಪ್ಪೆಯಲ್ಲೇ ಉಳಿಯುತ್ತೆ.

ಅದೇ ಕಾರ್ಖಾನೆಗಳಲ್ಲಿ ಮುಂದಿನ ಹಂತ ರಸವನ್ನ ತಿಳಿ ಮಾಡೋದು. ನಮ್ಮಲ್ಲಿ ಕಬ್ಬಿನ ಹಾಲು ಅಂತೀವಿ. ಅದು ಹುಳಿ ಕಡೆ ಇರುತ್ತೆ, ಸುಣ್ಣದ ನೀರು ಹಾಕಿ ಗಂಧಕದ ಡೈಆಕ್ಸೈಡ್ ಹಾಯಿಸಿ ಪಿಎಚ್ ಅನ್ನ 7ರ ಆಸುಪಾಸಿಗೆ ತರ್ತಾರೆ. ಕೆಮಿಕಲ್ ಲ್ಯಾಬಿನಲ್ಲಿ ನೀವು 'ಪಿಎಚ್ ಅಡ್ಜಸ್ಟ್ ಮಾಡಿ' ಅನ್ನೋದು ಇದನ್ನೇ. ಇದಕ್ಕೆ 'ಪಿಎಚ್ ಸರಿಹೊಂದಿಸಿ' ಅಂತ ಬರೆದರೆ ಯಾವ ನಷ್ಟವೂ ಇಲ್ಲ. ಆದ್ರೆ ಪಿಎಚ್ ಮೀಟರನ್ನ ಬಫರ್ ದ್ರಾವಣದಲ್ಲಿ ಅದ್ದಿ ನೋಡೋದಿದೆಯಲ್ಲ, ಅದು ಕ್ಯಾಲಿಬ್ರೇಶನ್. ವೈವಾದಲ್ಲಿ ಬಹಳ ಜನ ಮುಗ್ಗರಿಸೋ ಜಾಗ ಇದು. ಅಳತೆಶಾಸ್ತ್ರದ ಅಂತರರಾಷ್ಟ್ರೀಯ ಪದಕೋಶ ಇವೆರಡನ್ನು ಬೆರೆಸಬೇಡಿ ಅಂತ ಟಿಪ್ಪಣಿ ಹಾಕಿಯೇ ಹೇಳುತ್ತೆ. ಕ್ಯಾಲಿಬ್ರೇಟ್ ಅಂದ್ರೆ ಉಪಕರಣ ತೋರಿಸಿದ್ದನ್ನ ಮಾನಕದ ಜೊತೆ ಹೋಲಿಸಿ ಎಷ್ಟು ವ್ಯತ್ಯಾಸ ಅಂತ ತಿಳಿಯೋದು. ಅಡ್ಜಸ್ಟ್ ಅಂದ್ರೆ ಆ ವ್ಯತ್ಯಾಸ ಹೋಗೋ ಹಾಗೆ ತಿರುಪು ತಿರುಗಿಸೋದು. ಮೊದಲನೆಯದು ಆಗದೆ ಎರಡನೆಯದಕ್ಕೆ ಕೈ ಹಾಕುವ ಹಾಗಿಲ್ಲ. ಕನ್ನಡದಲ್ಲಿ ಕ್ಯಾಲಿಬ್ರೇಶನ್‌ಗೆ 'ಮಾಪನಾಂಕ ನಿರ್ಣಯ' ಅಂತ ಇದೆ. ಬಾಯಿ ತುಂಬ ಆಗುತ್ತೆ. ನಾನಂತೂ 'ಒರೆಗೆ ಹಚ್ಚು' ಅಂತೀನಿ, ಅಕ್ಕಸಾಲಿಗರು ಚಿನ್ನಕ್ಕೆ ಮಾಡೋದೂ ಅದನ್ನೇ ತಾನೆ.

ಇಂಗ್ಲಿಷಿನ ಉಳಿದ ನೆಂಟರನ್ನ ಬೇಗ ಮಾತಾಡಿಸಿ ಮುಂದೆ ಹೋಗೋಣ. 'ಅಡಾಪ್ಟ್' ಅಂದ್ರೆ ಹೊಸ ಕೆಲಸಕ್ಕೆ, ಹೊಸ ಜಾಗಕ್ಕೆ ತಕ್ಕ ಹಾಗೆ ದೊಡ್ಡದಾಗಿಯೇ ಬದಲಾಗು ಅಥವಾ ಬದಲಾಯಿಸು. ಕನ್ನಡದಲ್ಲಿ ಅಳವಡಿಸು. ಒಳ್ಳೆಯ ಪದ ಇದು: ಅಳವು ಅಂದ್ರೆ ಅಳತೆ, ಶಕ್ತಿ. ಅಳವಡಿಸು ಅಂದ್ರೆ ನಮ್ಮ ಅಳತೆಗೆ ಬರೋ ಹಾಗೆ ಮಾಡು. ಬಿ.ಎಂ.ಶ್ರೀ. ಗ್ರೀಕ್ ನಾಟಕದ ಏಜಾಕ್ಸನನ್ನ 'ಅಶ್ವತ್ಥಾಮನ್' ಮಾಡಿದ್ದು ಹೀಗೆ. 'ಅಡ್ಜಸ್ಟ್' ಇಂಗ್ಲಿಷಿನಲ್ಲಿ ಚಿಕ್ಕ ತಿದ್ದುಪಡಿಗೆ: ಕನ್ನಡಿ, ಸೈಕಲ್ ಸೀಟು, ಪರದೆಯ ಬೆಳಕು. 'ಟ್ಯೂನ್'ಗೆ ಶ್ರುತಿ ಮಾಡು ಇದ್ದೇ ಇದೆ. 'ಅಕಾಮೊಡೇಟ್' ಅಂದ್ರೆ ಇನ್ನೊಬ್ಬರಿಗಾಗಿ ಜಾಗ ಮಾಡಿಕೊಡು. ರೈಲಿನಲ್ಲಿ ನಾವು ಕೇಳೋದು ಖರೇ ಅಂದ್ರೆ ಇದನ್ನ. ಸೀಟು ಕೇಳೋಕೆ ಅಡ್ಜಸ್ಟ್ ಬಳಸೋದು ಭಾರತದ ಇಂಗ್ಲಿಷು, ಲಂಡನ್ನಿನಲ್ಲಿ ಹಾಗೆ ಅಂದ್ರೆ ಮುಖ ನೋಡ್ತಾರೆ. ಪ್ಲೇಸ್‌ಮೆಂಟ್ ಸಂದರ್ಶನಕ್ಕೂ ಇದು ನೆನಪಿರಲಿ. 'ಐ ವಿಲ್ ಅಡ್ಜಸ್ಟ್' ಅಂದ್ರೆ ಕಷ್ಟ ಆದ್ರೂ ಸಹಿಸ್ಕೋತೀನಿ ಅನ್ನೋ ಧ್ವನಿ ಬರುತ್ತೆ. 'ಐ ಕ್ಯಾನ್ ಅಡಾಪ್ಟ್' ಅಂದ್ರೆ ಹೊಸದು ಕಲಿತೀನಿ ಅಂತ.

ಈಗ 'ಆಗು'. 'ಹಾಸ್ಟೆಲಿಗೆ ಅಡ್ಜಸ್ಟ್ ಆದ್ಯಾ?' ಅಂತ ಸೀನಿಯರ್ ಕೇಳ್ತಾನೆ. ಮನೆಯಿಂದ ಫೋನ್ ಮಾಡಿದ ಅವ್ವ ಕೇಳೋದು ಬೇರೆ: 'ಅಲ್ಲೀದು ನೀರು ಒಗ್ಗತೈತೇನು?' ಈ ಎರಡು ಪ್ರಶ್ನೆಗಳ ವ್ಯಾಕರಣ ನೋಡಿ. ಸೀನಿಯರ್ ವಾಕ್ಯದಲ್ಲಿ ಕರ್ತೃ ನೀನು. ಆಗದಿದ್ದರೆ ಕೊರತೆ ನಿನ್ನದು. ಅವ್ವನ ವಾಕ್ಯದಲ್ಲಿ ಕರ್ತೃ ನೀರು, ನೀನು ಬರೀ 'ನಿನಗೆ', ಚತುರ್ಥಿ ವಿಭಕ್ತಿ. 'ಇಲ್ಲಿಯ ನೀರು ನನಗೆ ಒಗ್ಗಲಿಲ್ಲ' ಅಂದಾಗ ತಪ್ಪಿರೋದು ನೀರಿನಲ್ಲಿ. ಕನ್ನಡದಲ್ಲಿ ಇಂಥ ವಾಕ್ಯ ಬೇಕಾದಷ್ಟಿವೆ: ನನಗೆ ಹಿಡಿಸಲಿಲ್ಲ, ನನಗೆ ಸೇರಲ್ಲ, ನನಗೆ ಆಗಿಬರಲ್ಲ. ಮನುಷ್ಯನ ಮೇಲೆ ಹೊರೆ ಹಾಕದೆ ವಿಷಯ ಹೇಳೋ ದಾರಿಗಳು ಇವು. ಮೊದಲ ಸೆಮಿಸ್ಟರಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಒಬ್ಬನಿಗೆ ಪಾಠ ತಲೆಗೆ ಹೋಗ್ತಿಲ್ಲ ಅಂತಿಟ್ಟುಕೊಳ್ಳಿ. 'ನಾನು ಇನ್ನೂ ಅಡ್ಜಸ್ಟ್ ಆಗಿಲ್ಲ' ಅಂತ ಅವನು ಕುಗ್ಗಿ ಹೇಳೋದಕ್ಕೂ, 'ಈ ಇಂಗ್ಲಿಷು ಇನ್ನೂ ನನಗೆ ಒಗ್ಗಿಲ್ಲ' ಅನ್ನೋದಕ್ಕೂ ಬಹಳ ದೂರ ಇದೆ. ಎರಡನೆಯದು ಕಾಲದ ಮಾತು. ಇವತ್ತು ಒಗ್ಗಿಲ್ಲ, ನಾಳೆ ಒಗ್ಗೀತು.

ನಮ್ಮ ಗಡಿಸೀಮೆಯ ಇನ್ನೊಂದು ಪದ 'ಸಂಭಾಳಿಸು'. ಬೆಳಗಾವಿ ಜಿಲ್ಲೆ 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು, ಮರಾಠಿ ಕನ್ನಡ ಒಂದೇ ಸಂತೆಯಲ್ಲಿ ಬೆಳೆದವು. ಮರಾಠಿಯ 'ಸಾಂಭಾಳಣೆ' ನಮ್ಮ ಬಾಯಲ್ಲಿ ಸಂಭಾಳಿಸು ಆಯ್ತು. ಮನಿ ಸಂಭಾಳಿಸು ಅಂದ್ರೆ ನೋಡಿಕೋ, ಹುಡುಗರನ್ನ ಸಂಭಾಳಿಸು ಅಂದ್ರೆ ಕಾಯಿ, 'ಸಂಭಾಳಿಸಿ ಹೋಗು' ಅಂದ್ರೆ ಹುಷಾರಾಗಿ ಹೋಗು. ಇದರಲ್ಲಿ ಹೊಂದಿಕೊಳ್ಳೋದಕ್ಕಿಂತ ಹೆಚ್ಚಾಗಿ ಹೊಣೆ ಹೊರೋದು ಇದೆ. ಗುಂಪಿನ ಪ್ರಾಜೆಕ್ಟಿನಲ್ಲಿ ಒಬ್ಬಳೇ ಕೂತು ವರದಿ ಮುಗಿಸಿದವಳು 'ಅಡ್ಜಸ್ಟ್ ಮಾಡ್ಕೊಂಡೆ' ಅಂತಾಳೆ. ಅವಳು ಸಂಭಾಳಿಸಿದ್ದಾಳೆ, ಹಾಗೇ ಹೇಳಬೇಕು.

ಲೆಕ್ಕಪತ್ರದ ಅಡ್ಜಸ್ಟ್ ಬೇರೆ. 'ಸಾಲ ಬಿಲ್ಲಿನ್ಯಾಗ ಅಡ್ಜಸ್ಟ್ ಮಾಡ್ಯಾರ' ಅಂದ್ರೆ ನಮ್ಮ ಕಡೆ ಹಳೆಯ ಪದ 'ಮುರಕೊಂಡಾರ'. ಬರಬೇಕಾದ ಹಣದಲ್ಲಿ ಕೊಡಬೇಕಾದದ್ದನ್ನ ಮುರಿದುಕೊಳ್ಳೋದು. ಎಷ್ಟು ನೇರ ಪದ! ಮುರಿಯೋ ಸದ್ದು ಕೇಳಿಸುತ್ತೆ. ಇನ್ನು ಕಬ್ಬು ಬೆಳೆಯೋ ಯಾವ ಸೀಮೆಗೆ ಹೋದರೂ ಬಿಲ್ಲು ತಡ ಆದಾಗ ರೈತನಿಗೆ ಸಿಗೋ ಉತ್ತರ 'ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ'. ಇಲ್ಲಿ ಪದದ ಅರ್ಥ 'ತಡಕೋರಿ' ಅಂತ. ಆದ್ರೆ ತಡೆದುಕೊಳ್ಳೋದಕ್ಕೆ ಕಾಯ್ದೆಯಲ್ಲಿ ಮಿತಿ ಇದೆ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. 'ಇನ್ನೊಂದು ತಿಂಗಳು ತಡಕೋರಿ' ಅಂತ ಬಿಚ್ಚಿ ಹೇಳಿದರೆ ಕೇಳಿದವನು ಬಡ್ಡಿ ಎಷ್ಟು ಅಂತ ಕೇಳಬಹುದು. 'ಅಡ್ಜಸ್ಟ್' ಅಂದ್ರೆ ಆ ಪ್ರಶ್ನೆ ಏಳೋದೇ ಇಲ್ಲ, ಅದು ಬೇಡಿಕೆಯ ಹಾಗೆ ಕೇಳಿಸದೆ ಸೌಜನ್ಯದ ಹಾಗೆ ಕೇಳಿಸುತ್ತೆ.

ಈ ಪದದ ಜೊತೆ ನನಗಿರೋ ತಕರಾರು ಇದೇ. ಇಂಗ್ಲಿಷ್ ಪದ ಅನ್ನೋ ಕಾರಣಕ್ಕಲ್ಲ. ಬಸ್ಸು, ಬ್ಯಾಂಕು, ಬೋಲ್ಟು ಇದ್ದಂಗೆ ಅಡ್ಜಸ್ಟೂ ಇರಲಿ, ನಾಲಿಗೆ ಅದನ್ನ 'ಅಜ್ಜಸ್ಟು' ಅಂತ ಆಗಲೇ ಪಳಗಿಸಿದೆ. ಕನ್ನಡದಲ್ಲಿ ಕ್ರಿಯಾಪದ ಆರಿಸಿದ ಕೂಡಲೆ ಯಾರು ಬದಲಾಗಬೇಕು, ಯಾರು ಬೆಲೆ ಕಟ್ಟಬೇಕು ಅನ್ನೋದು ಹೊರಗೆ ಬೀಳುತ್ತೆ. ಅಡ್ಜಸ್ಟ್ ಅದನ್ನ ಮುಚ್ಚಿಡುತ್ತೆ. ಉಳಿಯೋದು ಬಾಲಕ್ಕೆ ಅಂಟಿದ 'ಕೋ' ಒಂದೇ, ಅದರ ಮೇಲೆ ಕಿವಿ ಇಡಬೇಕು. ಗಂಡನ ಮನೆಗೆ ಹೊರಟ ಹುಡುಗಿಗೆ 'ಹೊಂದ್ಕೊಂಡು ಹೋಗವ್ವಾ' ಅಂತ ಹೇಳದ ಮನೆ ಇಲ್ಲ. ಅದೇ ಮಂಟಪದಲ್ಲಿ ನಿಂತ ಹುಡುಗನಿಗೆ ಆ 'ಕೊಂಡು' ಹೇಳಿದ್ದನ್ನ ನೀವು ಎಷ್ಟು ಸಲ ಕೇಳಿದ್ದೀರಿ? ಕೇರಳದಲ್ಲಿ ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಪರಿಶೀಲಿಸಿದ ಹೇಮಾ ಸಮಿತಿಯ ವರದಿ ಆಗಸ್ಟ್ 2024ರಲ್ಲಿ ಹೊರಬಂತು. ಅಲ್ಲಿಯ ಹೆಣ್ಣುಮಕ್ಕಳಿಗೆ ಚಿರಪರಿಚಿತವಾದ ಎರಡು ಪದಗಳು 'ಕಾಂಪ್ರಮೈಸ್', 'ಅಡ್ಜಸ್ಟ್‌ಮೆಂಟ್' ಅಂತ ಆ ವರದಿ ಹೇಳಿತು. ಕೆಲಸ ಬೇಕಾದರೆ ಮೈ ಒಪ್ಪಿಸು ಅನ್ನೋದಕ್ಕೆ ಇಟ್ಟ ಹೆಸರು ಅದು. ನಮ್ಮ ರಾಜಕೀಯ ಸುದ್ದಿಗಳಲ್ಲಿ ಬರೋ 'ಅಡ್ಜಸ್ಟ್‌ಮೆಂಟ್ ರಾಜಕಾರಣ'ವೂ ಇದೇ ಜಾತಿಯದು, ಒಳಗೊಂದು ಹೊರಗೊಂದು. ಎಲ್ಲಿ ಮಾತನ್ನ ಬಿಚ್ಚಿ ಆಡೋಕೆ ನಾಚಿಕೆಯೋ ಅಲ್ಲಿಗೆ ಈ ಪದ ಬಂದು ಕೂರುತ್ತೆ.

ಸಿವಿಲ್‌ನವರಿಗೆ ಒಂದು ಮಾತು. ಆಗಸ್ಟ್ 2019ರಲ್ಲಿ ಕೃಷ್ಣೆ ಉಕ್ಕಿದಾಗ ಕುಡಚಿ ಉಗಾರ ನಡುವಿನ ಸೇತುವೆ ಮುಳುಗಿ ರಸ್ತೆ ಬಂದಾಯ್ತು, ದಂಡೆಯ ಹಳ್ಳಿಗಳ ಜನ ಕಾಳಜಿ ಕೇಂದ್ರಗಳಿಗೆ ಹೋದರು. 2021ರಲ್ಲಿ ಮತ್ತೆ ನೆರೆ. ಇಂಥ ಊರುಗಳ ಬಗ್ಗೆ 'ಜನ ಪ್ರವಾಹಕ್ಕೆ ಹೊಂದಿಕೊಂಡಿದ್ದಾರೆ' ಅಂತ ಬರೆಯೋದು ಸುಲಭ. ದನ ಕರು ಬಿಚ್ಚಿ, ಕಾಳಿನ ಚೀಲ ಮಾಳಿಗೆಗೆ ಏರಿಸಿ, ಮನೆಗೆ ಬೀಗ ಹಾಕಿ ಹೊರಡೋದು ಹೊಂದಿಕೊಳ್ಳೋದಲ್ಲ, ತಾಳಿಕೊಳ್ಳೋದು. ಹೊಂದಿಸಬೇಕಾದದ್ದು ಬೇರೆ ಇದೆ: ಸೇತುವೆಯ ಎತ್ತರ, ಮನೆಗಳ ಜಾಗ, ನೀರು ಬಿಡೋ ಮುನ್ಸೂಚನೆ. ನಾಳೆ ನೀವು ಹವಾಮಾನ ಹೊಂದಾಣಿಕೆ ಅಂತ ಯಾವುದೋ ವರದಿ ಬರೆಯೋ ಕುರ್ಚಿಯಲ್ಲಿ ಕೂತಾಗ, ವಾಕ್ಯದ ಕರ್ತೃ ಯಾರು ಅಂತ ಒಮ್ಮೆ ನೋಡಿಕೊಳ್ಳಿ.

ಎಲ್ಲ ಅಡ್ಜಸ್ಟೂ ಕೆಟ್ಟದ್ದು ಅಂತ ತಿಳೀಬೇಡಿ ಮತ್ತೆ. ರೈಲಿನಲ್ಲಿ ಆ ಅರ್ಧ ಗೇಣು ಜಾಗ ಬಿಟ್ಟುಕೊಟ್ಟವರು ಘಟಪ್ರಭಾ ಬರೋದರೊಳಗೆ ಶೇಂಗಾ ಪೊಟ್ಟಣ ಮುಂದೆ ಹಿಡಿದಿರ್ತಾರೆ.

ಕ್ಲಬ್ಬಿನ ಮುಂದಿನ ಕೂಟಕ್ಕೆ ಬರುವಾಗ ಈ ನಾಲ್ಕು ವಾಕ್ಯಗಳಲ್ಲಿ ಅಡ್ಜಸ್ಟ್ ತೆಗೆದು ಕನ್ನಡ ಕ್ರಿಯಾಪದ ಹಾಕಿಕೊಂಡು ಬನ್ನಿ. 'ಕನ್ನಡಿ ಅಡ್ಜಸ್ಟ್ ಮಾಡಿ ಬೈಕ್ ಹತ್ತು.' 'ಮೂರು ಜನರ ರೂಮಿಗೆ ನಾಲ್ಕನೆಯವ ಬಂದ, ಹೆಂಗೋ ಅಡ್ಜಸ್ಟ್ ಆಯ್ತು.' 'ಅವಳ ಭಾಷೆ ಕೇಳಿ ಎಲ್ಲರೂ ನಕ್ಕರು, ಈಗ ಅಡ್ಜಸ್ಟ್ ಆಗಿದ್ದಾಳೆ.' 'ಒಂದು ಅಂಕ ಕಡಿಮೆ ಇದೆ ಸರ್, ಅಡ್ಜಸ್ಟ್ ಮಾಡಿ.' ಮೂರನೆಯದಕ್ಕೆ ಒಂದೇ ಪದ ಸಾಲಲ್ಲ, ಅವಳು ಒಗ್ಗಿಕೊಂಡಳೋ, ಮಾತನ್ನೇ ಬದಲಿಸಿಕೊಂಡಳೋ, ಸುಮ್ಮನಾದಳೋ ಅನ್ನೋದನ್ನ ನೀವು ತೀರ್ಮಾನಿಸಬೇಕು. ನಾಲ್ಕನೆಯದಕ್ಕೆ ಎರಡು ಉತ್ತರ ಇವೆ. ಕೂಡಿದ್ದು ತಪ್ಪಾಗಿದ್ದರೆ 'ಸರಿಪಡಿಸಿ'. ಇಲ್ಲದಿದ್ದರೆ 'ಕೊಡಿ'.